ಸೊಸೆ ಕೇಳಿದ ಗೋಡೆ

ಫೆಬ್ರವರಿ ೯, ಭಾನುವಾರ

ನನ್ನ ಮುದ್ದಿನ ಅಕ್ಕನಿಗೆ,

ಮೊದಲು ಒಂದು ಗಟ್ಟಿ ಅಪ್ಪುಗೆ, ಅದರ ಹಿಂದೆಯೇ ಕ್ಷಮಾಪಣೆ. "ಹೋದ ತಕ್ಷಣ ಬರೀತೀನಿ" ಅಂತ ಬಸ್ಸಿನ ಕಿಟಕಿಯಿಂದ ಕೂಗಿದವಳು ಇಷ್ಟು ದಿನ ಸುಮ್ಮನಿದ್ದುಬಿಟ್ಟೆ. ಮದುವೆಯಾದ ಹೊಸತರಲ್ಲಿ ಹುಡುಗಿಯರ ಬುದ್ಧಿ ಅಟ್ಟದ ಮೇಲಿರುತ್ತದಂತೆ, ಏಣಿ ಹಾಕಿ ಇಳಿಸಬೇಕಂತೆ. ಇದು ಅಜ್ಜಿಯ ಮಾತು, ಅಂದರೆ ಇವರ ಅಜ್ಜಿಯ ಮಾತು. ಫೋನ್ ಮಾಡಬಹುದಿತ್ತಲ್ಲ ಅನ್ನಬೇಡ. ಫೋನಿನಲ್ಲಿ ನೀನು "ಹೂಂ", "ಸರಿ", "ಅಮ್ಮನಿಗೆ ಕೊಡ್ತೀನಿ" ಇಷ್ಟನ್ನು ಬಿಟ್ಟು ಬೇರೆ ಮಾತೇ ಆಡುವುದಿಲ್ಲ. ಪತ್ರವನ್ನಾದರೆ ಯಾರ ಕೈಗೂ ದಾಟಿಸದೆ ಪೂರ್ತಿ ಓದಲೇಬೇಕು. ಇಂಗ್ಲಿಷ್ ಮೀಡಿಯಂ ತಂಗಿಯ ಒತ್ತಕ್ಷರ ನೋಡಿ ನಗು ಬಂದರೆ ನಗು. ನಿನ್ನನ್ನು ನಗಿಸಿ ಬಹಳ ಕಾಲವಾಯಿತು.

ಅಕ್ಕ, ನಾನು ಎಷ್ಟು ಖುಷಿಯಾಗಿದ್ದೇನೆ ಅಂದರೆ ನನಗೇ ನಾಚಿಕೆಯಾಗುತ್ತದೆ. ಬೆಳಿಗ್ಗೆ ಹಲ್ಲುಜ್ಜುವಾಗಲೂ ಹಾಡು ಬರುತ್ತದೆ, ಪೇಸ್ಟು ಗಂಟಲಿಗಿಳಿಯುತ್ತದೆ. ಇವರು ಮಾತು ಕಡಿಮೆ ಅಂತ ಎಲ್ಲರೂ ಹೆದರಿಸಿದ್ದರಲ್ಲ, ಸುಳ್ಳು. ಮಾತು ಕಡಿಮೆ ಹೌದು, ಆದರೆ ಒಂದೊಂದೂ ತೂಕದ್ದು. ಬಂದ ದಿನವೇ ಹೆಬ್ಬಾಗಿಲ ಮೇಲಿನ ಅಡ್ಡಮರಕ್ಕೆ ನನ್ನ ಹಣೆ ತಾಗಿತು, ಕಣ್ಣಲ್ಲಿ ನೀರು ಬಂತು. ಇವರು ಓಡಿ ಬಂದರು. ನನ್ನ ಹಣೆ ಮುಟ್ಟುತ್ತಾರೆ ಅಂದುಕೊಂಡರೆ ಆ ಮರವನ್ನು ಸವರಿ, "ಪಾಪ, ನೋವಾಯ್ತಾ ನಿನಗೆ?" ಅಂತ ಅದನ್ನೇ ಕೇಳಿದರು. ಅಳಬೇಕೋ ನಗಬೇಕೋ ತಿಳಿಯಲಿಲ್ಲ.

ಈಗ ಮನೆಯ ವಿಷಯ. ಹೊಲದ ನಡುವೆ ಒಂಟಿಯಾಗಿ ನಿಂತ ಕಲ್ಲಿನ ಮನೆ ಇದು. ಗೋಡೆ ಎಷ್ಟು ದಪ್ಪ ಅಂದರೆ ಕಿಟಕಿಯ ಕಟ್ಟೆಯ ಮೇಲೆ ಕಾಲು ಮಡಚಿ ಆರಾಮಾಗಿ ಕೂರಬಹುದು. ಈಗ ಹಾಗೆ ಕೂತೇ ಬರೆಯುತ್ತಿದ್ದೇನೆ. ಕಟ್ಟಿದ ಕಾಲಕ್ಕೆ ಇದು ಒಂದೇ ಒಂದು ಉದ್ದನೆಯ ಕೋಣೆಯಂತೆ. ಆ ತುದಿಗೆ ದನ, ಈ ತುದಿಗೆ ಜನ, ಮೇಲೆ ಅಟ್ಟದಲ್ಲಿ ಧಾನ್ಯ. ನಮ್ಮ ಹಾಲ್‌ನಲ್ಲಿ ಸೋಫಾ ಇರುವ ಜಾಗ ಹಿಂದೆ ಹಸು ಕಟ್ಟುತ್ತಿದ್ದದ್ದು. ಗಂಜಲ ಹರಿದು ಹೋಗಲಿ ಅಂತ ಮಾಡಿದ ಇಳಿಜಾರು ಇವತ್ತಿಗೂ ನೆಲದಲ್ಲಿದೆ. ಕೈಯಿಂದ ನಿಂಬೆಹಣ್ಣು ಜಾರಿದರೆ ಅದು ತಾನಾಗಿ ಉರುಳಿಕೊಂಡು ಬಾಗಿಲಿಗೆ ಹೋಗಿ ನಿಲ್ಲುತ್ತದೆ.

ಇನ್ನು ಅಸಲು ಸಂಗತಿ. ಈ ಮನೆಗೆ ಬಂದ ಪ್ರತಿ ಸೊಸೆಯೂ ಮೊದಲ ವರ್ಷದಲ್ಲಿ ಮನೆಯ ಕಟ್ಟಡದಲ್ಲಿ ಒಂದು ಬದಲಾವಣೆ ಕೇಳಬಹುದು. ಒಂದೇ. ಏನೇ ಕೇಳಿದರೂ ಯಾರೂ ಬೇಡ ಅನ್ನುವಂತಿಲ್ಲ, ಯಾಕೆ ಅಂತಲೂ ಕೇಳುವಂತಿಲ್ಲ. ಕೇಳಿದವಳೂ ಮಾತು ಹಿಂದಕ್ಕೆ ತೆಗೆದುಕೊಳ್ಳುವಂತಿಲ್ಲ. "ಒಡವೆ ಕೊಟ್ಟರೆ ಪೆಟ್ಟಿಗೆ ಸೇರುತ್ತೆ ಕಣೇ. ಒಂದು ಕಲ್ಲು ಕದಲಿಸಿದವಳಿಗೇ ಮನೆ ತನ್ನದು ಅನ್ನಿಸೋದು" ಅಂದರು ಅಜ್ಜಿ. ಹೊಗೆಯಲ್ಲಿ ಕಣ್ಣು ಕಳೆದುಕೊಳ್ಳುತ್ತಿದ್ದ ಯಾವಳೋ ಪುಣ್ಯಾತ್ಗಿತ್ತಿ ಚಿಮಣಿ ಕೇಳಿದಳಂತೆ. ಅವಳ ಸೊಸೆ ದನಗಳನ್ನು ಹೊರಗೆ ಕಳಿಸಿದಳಂತೆ. ಹಸು ಮೆಲುಕು ಹಾಕುವ ಸದ್ದಿಲ್ಲದೆ ಅವಳ ಗಂಡನಿಗೆ ನಿದ್ದೆ ಬಾರದೆ, ಅವನೇ ಹಾಸಿಗೆ ಹೊತ್ತುಕೊಂಡು ಕೊಟ್ಟಿಗೆಗೆ ಹೋದನಂತೆ.

ಅಜ್ಜಿ ಕೇಳಿದ್ದು ಒಲೆಯ ಪಕ್ಕ ಒಂದು ಕಿಟಕಿ. ಅಜ್ಜಿ ಕುಳ್ಳಿ ಅಲ್ಲವಾ, ಕಿಟಕಿ ಅವರ ಕಣ್ಣಿನ ಮಟ್ಟಕ್ಕೇ ಇದೆ. ನಮಗೆಲ್ಲ ಎದೆಮಟ್ಟಕ್ಕೆ ಬರುತ್ತದೆ. "ಈ ಅಡುಗೆಮನೆಯಿಂದ ಹೊರಗೆ ನೋಡ್ಬೇಕಂದ್ರೆ ಎಂಥ ಗಂಡಸಾದ್ರೂ ನನ್ನ ಮುಂದೆ ಬಗ್ಗಬೇಕು" ಅಂತ ಅವರಿಗೆ ಈಗಲೂ ಜಂಬ. ಹಾಗೆ ನೋಡಿದರೆ ಯಾರು ಏನು ಕೇಳಿದ್ದರು ಅಂತ ಹೊಸ ಸೊಸೆಗೆ ಮೊದಲೇ ಹೇಳಬಾರದಂತೆ, ದಾಕ್ಷಿಣ್ಯಕ್ಕೆ ಬಿದ್ದು ಅವಳು ಮನಸ್ಸಿನಲ್ಲಿದ್ದದ್ದನ್ನು ನುಂಗಿಬಿಡುತ್ತಾಳೆ ಅಂತ. ಆದರೆ ಅಜ್ಜಿಯ ಬಾಯಿಗೆ ಬೀಗ ಎಲ್ಲಿದೆ? ಅತ್ತೆ ಮಾತ್ರ ಗಟ್ಟಿ. "ನೀವೇನು ಕೇಳಿದ್ರಿ ಅತ್ತೆ?" ಅಂತ ಎಷ್ಟು ಪೀಡಿಸಿದರೂ, "ನೀನು ಕೇಳಿದ ಮೇಲೆ ಹೇಳ್ತೀನಿ" ಅಂತ ನಕ್ಕು ಸೊಪ್ಪು ಬಿಡಿಸಲು ಕೂತರು.

ಅಕ್ಕ, ನಾನು ಕೇಳಿಬಿಟ್ಟೆ. ನಮ್ಮ ಹಾಲ್ ಹಗಲಲ್ಲೂ ಬಾವಿಯ ಹಾಗೆ ಕತ್ತಲೆ. ಕಾರಣ, ಪೂರ್ವದ ಒಳ್ಳೆಯ ಕಿಟಕಿ ಒಂದು ಚಿಕ್ಕ ಕೋಣೆಯ ಪಾಲಾಗಿದೆ. ಬೀಜದ ಚೀಲ, ಮುರಿದ ಕುರ್ಚಿ ತುಂಬಿದ ಸಾಮಾನಿನ ಕೋಣೆ. ಅತ್ತೆ ದಿನಾ ಮಧ್ಯಾಹ್ನ "ಬೀಜ ನೋಡಿ ಬರ್ತೀನಿ" ಅಂತ ಹೋಗಿ ಬರುವುದು ಬಿಟ್ಟರೆ ಯಾರೂ ಅತ್ತ ತಲೆ ಹಾಕುವುದಿಲ್ಲ. ಅದರ ಗೋಡೆ ಹಳೆಯ ಕಲ್ಲಿನದ್ದಲ್ಲ, ಆಮೇಲೆ ಕಟ್ಟಿದ ಇಟ್ಟಿಗೆಯದ್ದು. ಅದನ್ನು ತೆಗೆದರೆ ಬೆಳಗಿನ ಬಿಸಿಲು ನೇರ ಸೋಫಾದವರೆಗೆ ಬರುತ್ತದೆ. ಇವರನ್ನು ಕೇಳಿದೆ. "ತೊಲೆ ಅದರ ಮೇಲೆ ಕೂತಿಲ್ಲ, ತೆಗೀಬಹುದು" ಅಂದರು. ಊಟಕ್ಕೆ ಕೂತಾಗ ಎಲ್ಲರೆದುರು ಹೇಳಿದೆ: "ಆ ಗೋಡೆ ತೆಗೆಸಿ." ಅಜ್ಜಿ ತುತ್ತು ಕೈಯಲ್ಲೇ ಹಿಡಿದು ಅತ್ತೆಯ ಮುಖ ನೋಡಿದರು. ಅತ್ತೆ, "ಆಗಲಿ ಮಗಳೇ, ಮೇಸ್ತ್ರಿಗೆ ಹೇಳಿ ಕಳಿಸೋಣ" ಅಂದವರೇ ಹಾಲು ಉಕ್ಕೀತು ಅಂತ ಎದ್ದು ಹೋದರು. ಎಂಥ ಜನ ನೋಡು ಅಕ್ಕ. ನಮ್ಮ ಮನೆಯಲ್ಲಿ ಕ್ಯಾಲೆಂಡರ್ ಮೊಳೆ ಬದಲಿಸಲೂ ಅಪ್ಪನ ಅಪ್ಪಣೆ ಬೇಕಿತ್ತು.

ನಿನ್ನದೇ,
ಪುಟ್ಟಿ


ಮಾರ್ಚ್ ೨, ಭಾನುವಾರ

ಪ್ರೀತಿಯ ಅಕ್ಕ,

ನೀನು ಉತ್ತರ ಬರೆಯಲಿಲ್ಲ, ನಾನೂ ತಡ ಮಾಡಿದೆ. ಲೆಕ್ಕ ಚುಕ್ತಾ, ಇಬ್ಬರಿಗೂ ಕ್ಷಮೆ. ಗೋಡೆಯ ಕಥೆ ಮುಗಿಯುವವರೆಗೆ ಬರೆಯುವ ಧೈರ್ಯವಾಗಲಿಲ್ಲ. ಈಗ ಮುಗಿದಿದೆ. ಹೇಳುತ್ತೇನೆ ಕೇಳು.

ಮೇಸ್ತ್ರಿ ಬರುವ ಹಿಂದಿನ ದಿನ ಅತ್ತೆ ಆ ಕೋಣೆ ಖಾಲಿ ಮಾಡುತ್ತಿದ್ದರು. ನಾನೂ ಸೆರಗು ಸಿಕ್ಕಿಸಿಕೊಂಡು ಹೋದೆ. ಚೀಲಗಳ ಹಿಂದೆ, ಕಿಟಕಿಯ ಕೆಳಗೆ, ಒಬ್ಬರು ಕೂರುವಷ್ಟು ಜಾಗ ಗುಡಿಸಿ ಒರೆಸಿ ಹೊಳೆಯುತ್ತಿತ್ತು. ಮಡಚಿದ ಚಾಪೆ, ಅದರ ಮೇಲೆ ಒಂದು ತೆಳು ದಿಂಬು. ಅತ್ತೆ ಅದನ್ನು ಬೇಗ ಬೇಗ ಸುತ್ತಿ ಕಂಕುಳಲ್ಲಿ ಇಟ್ಟುಕೊಂಡು ಹೊರಗೆ ಹೋದರು. ನಾನು ಬಾಗಿಲು ಸರಿಸುವಾಗ ನೋಡಿದೆ, ಅದರ ಚಿಲಕ ಒಳಗಡೆ ಇದೆ. ಅಕ್ಕ, ಸಾಮಾನಿನ ಕೋಣೆಗೆ ಯಾರಾದರೂ ಒಳಗಿನಿಂದ ಚಿಲಕ ಇಡಿಸುತ್ತಾರಾ? ಬೀಜಗಳೇನು ಎದ್ದು ಹಾಕಿಕೊಳ್ಳುತ್ತವಾ?

ಅಡುಗೆಮನೆಗೆ ಹೋಗಿ ಅಜ್ಜಿಯನ್ನು ಕೇಳಿದೆ. ಅಜ್ಜಿ ತಮ್ಮ ಕಿಟಕಿಯಿಂದ ಹೊರಗೆ ನೋಡುತ್ತಲೇ, "ಅದು ಸಾಮಾನಿನ ಕೋಣೆ ಅಂತ ನಿನಗೆ ಯಾರು ಹೇಳಿದ್ದು?" ಅಂದರು.

"ಮತ್ತೆ, ಬೀಜ?"

"ಬೀಜ ಏನು ಕೋಳಿಮೊಟ್ಟೆನಾ, ದಿನಾ ಹೋಗಿ ಕಾವು ಕೊಡೋಕೆ? ಆ ಗೋಡೆ ಕೇಳಿದ್ದು ನಿನ್ನತ್ತೆ ಕಣೇ."

ಅಜ್ಜಿ ಅವತ್ತು ತಮಾಷೆ ಮಾಡಲಿಲ್ಲ, ನಿಧಾನವಾಗಿ ಹೇಳಿದರು. ಅತ್ತೆ ಮದುವೆಯಾಗಿ ಬಂದಾಗ ಈ ಮನೆಯೊಳಗೆ ಬಾಗಿಲು ಅನ್ನುವುದೇ ಇರಲಿಲ್ಲವಂತೆ. ಹಗ್ಗದ ಮೇಲೆ ಬಟ್ಟೆ ಇಳಿಬಿಟ್ಟು ಮಲಗುತ್ತಿದ್ದರಂತೆ. ಸೊಸೆ ಕಿಟಕಿ ಕೇಳುತ್ತಾಳೆ, ದೊಡ್ಡ ಒಲೆ ಕೇಳುತ್ತಾಳೆ ಅಂತ ಎಲ್ಲರೂ ಕಾದರೆ, ಅತ್ತೆ ಒಂದು ಗೋಡೆ, ಒಂದು ಬಾಗಿಲು, ಒಳಗಡೆ ಒಂದು ಚಿಲಕ ಕೇಳಿದರಂತೆ.

"ನಾನು ಒಂದು ತಿಂಗಳು ಮುಖ ಊದಿಸ್ಕೊಂಡೆ" ಅಂದರು ಅಜ್ಜಿ. "ಎಲ್ಲಿಂದ ಬಂದ್ಲಪ್ಪ ಇವಳು, ಮನೆ ತುಂಬ ಕತ್ತಲೆ ಮಾಡಿದ್ಲು ಅಂತ. ದಿನಾ ಒಂದಿಷ್ಟು ಹೊತ್ತು ಒಳಗೆ ಹೋಗಿ ಚಿಲಕ ಹಾಕ್ಕೊಳ್ಳೋಳು. ಏನ್ ಮಾಡ್ತೀಯ ಒಳಗೆ ಅಂದ್ರೆ, 'ಏನೂ ಇಲ್ಲ ಅತ್ತೆ' ಅನ್ನೋಳು. ಏನೂ ಮಾಡದೆ ಇರೋಕೆ ಒಂದು ಕೋಣೆ ಬೇಕೇನೇ ಅಂತ ಬೈದಿದ್ದೀನಿ. ಆಮೇಲೆ ನನ್ನ ಮಗ ಹೋದ."

ಅಂದರೆ ನನ್ನ ಮಾವ, ಅಕ್ಕ. ಇವರು ಆಗ ಶಾಲೆಗೆ ಹೋಗುತ್ತಿದ್ದರಂತೆ.

"ಮನೆ ತುಂಬ ಜನ. ಒಬ್ಬೊಬ್ಬರೂ ನನ್ನ ಮುಂದೆ ಕೂತು ನಾನು ಅಳೋದನ್ನೇ ನೋಡ್ತಿದ್ರು. ಇವಳು ಬಂದು ನನ್ನ ಕೈ ಹಿಡಿದು ಎಬ್ಬಿಸಿದ್ಲು. ಆ ಕೋಣೆ ಒಳಗೆ ಬಿಟ್ಟು, 'ಚಿಲಕ ಹಾಕ್ಕೊಳ್ಳಿ ಅತ್ತೆ' ಅಂದ್ಲು. ಹೋದೋನು ಅವಳ ಗಂಡ ಅಲ್ವೇನೇ? ನನ್ನನ್ನು ಒಳಗೆ ಕಳಿಸಿ, ಬಂದವರಿಗೆಲ್ಲ ತಾನೇ ನೀರು ಕೊಡ್ತಾ ಹೊರಗೆ ನಿಂತಿದ್ಲು. ಅವತ್ತಿಂದ ಆ ಗೋಡೆ ಬಗ್ಗೆ ನಾನು ಒಂದು ಮಾತಾಡಿಲ್ಲ."

ನಾನು ಹಿತ್ತಲಿಗೆ ಓಡಿದೆ. ಅತ್ತೆ ಆ ಚಾಪೆಯನ್ನು ಕೊಡವುತ್ತಿದ್ದರು. "ಯಾಕತ್ತೆ ಹೇಳಲಿಲ್ಲ ನನಗೆ?" ಅಂತ ಅತ್ತುಬಿಟ್ಟೆ. ಅವರು ನನ್ನನ್ನು ನೋಡಿದ ರೀತಿ ಹೇಗಿತ್ತು ಅಂದರೆ, ನಾನೇ ಏನೋ ಕಳೆದುಕೊಂಡಿದ್ದೇನೆ, ಅವರು ಹುಡುಕಿಕೊಡಬೇಕು ಅನ್ನುವ ಹಾಗೆ.

"ನಾನು ಕೇಳಿದಾಗ ಮನಸ್ಸಿಲ್ಲದಿದ್ದರೂ ಇವರೆಲ್ಲ ಇಟ್ಟಿಗೆ ಹೊತ್ತರು. ಈಗ ನೀನು ಕೇಳಿದಾಗ ನಾನು ಬೇಡ ಅಂದರೆ, ನನಗೆ ಕೊಟ್ಟದ್ದಕ್ಕೆ ಏನು ಬೆಲೆ? ಬಿಡು, ನನಗೂ ವಯಸ್ಸಾಯ್ತು. ಬಿಸಿಲು ಬರಲಿ."

"ನನಗೆ ಬಿಸಿಲು ಬೇಡ" ಅಂದೆ.

"ಮಾತು ಆಡಿದರೆ ಹೋಯ್ತು, ಮುತ್ತು ಒಡೆದರೆ ಹೋಯ್ತು" ಅಂದರು ಅಜ್ಜಿ, ನನ್ನ ಬೆನ್ನ ಹಿಂದೆಯೇ ಬಂದು ನಿಂತಿದ್ದರು. "ಹಿಂದಕ್ಕೆ ತಗೊಳ್ಳೋ ಹಾಗಿಲ್ಲ. ತಗೊಂಡ್ರೆ ನಾಳೆ ನಿನ್ನ ಸೊಸೆ ಬಾಯಿ ಬಿಡೋಕೂ ಹೆದರ್ತಾಳೆ."

ಮರುದಿನ ಮೇಸ್ತ್ರಿ ಸುತ್ತಿಗೆ, ಉಳಿ ಹಿಡಿದು ಬಂದೇಬಿಟ್ಟರು. ನಾನು ಸೋಫಾದ ಮೇಲೆ ಕಲ್ಲಿನಂತೆ ಕೂತಿದ್ದೆ. "ಎಲ್ಲಿಂದ ಶುರು ಮಾಡ್ಲಮ್ಮ?" ಅಂದರು. ಆಗ ಇವರು, ದಿನಕ್ಕೆ ಹತ್ತು ಮಾತಾಡಿದರೆ ಹೆಚ್ಚು ಅನ್ನುವ ನನ್ನ ಯಜಮಾನರು, ಏಣಿ ತಂದು ಗೋಡೆಗೆ ಒರಗಿಸಿ ಹತ್ತಿದರು. ತಮ್ಮ ತಲೆಯ ಮೇಲೆ ಕೈ ಎತ್ತಿ ಸೀಮೆಸುಣ್ಣದ ಕಡ್ಡಿಯಿಂದ ಉದ್ದಕ್ಕೂ ಒಂದು ಗೆರೆ ಎಳೆದರು. "ಇಲ್ಲಿಂದ ಮೇಲಕ್ಕೆ ತೆಗೀರಿ. ಕೆಳಗಿಂದು ಇರಲಿ" ಅಂದರು. ಅಜ್ಜಿಯ ಕಡೆ ತಿರುಗಿ, "ಕಲ್ಲು ಕದಲಿದರೆ ಸಾಕು ತಾನೇ ಅಜ್ಜಿ?" ಅಂತ ಕೇಳಿದರು.

ಅಜ್ಜಿ ಕತ್ತೆತ್ತಿ ಗೆರೆ ನೋಡಿದರು. "ಕದಲುತ್ತಲ್ಲ. ಆದರೆ ನಾನು ಏಣಿ ಹತ್ತಿದರೂ ನನಗೆ ಒಳಗಿಂದು ಕಾಣಲ್ಲ, ಅದೊಂದೇ ಬೇಜಾರು" ಅಂದರು. ಮೇಸ್ತ್ರಿಗೆ ಏನೂ ಅರ್ಥವಾಗದೆ, "ಹಾಗೇ ಬಿಡಲಾ, ಗಾಜು ಹಾಕಲಾ?" ಅಂದರು. "ಗಾಜು ಹಾಕಪ್ಪ. ಬೆಳಕು ದಾಟಲಿ, ಸದ್ದು ದಾಟೋದು ಬೇಡ" ಅಂದರು ಅಜ್ಜಿ.

ನಾನು ಅತ್ತೆಯನ್ನು ನೋಡಿದೆ. ಅವರು ಮುಖ ಆಚೆ ತಿರುಗಿಸಿ, ಏಣಿ ತಾಗಿ ಉದುರಿದ ಗಾರೆಯನ್ನು ಗುಡಿಸುತ್ತಿದ್ದರು. ಗುಡಿಸಿದ ಜಾಗವನ್ನೇ ಮತ್ತೆ ಮತ್ತೆ ಗುಡಿಸುತ್ತಿದ್ದರು.

ಈಗ ಬೆಳಿಗ್ಗೆ ಬಿಸಿಲು ಆ ಗಾಜು ದಾಟಿ ಎದುರಿನ ಕಲ್ಲುಗೋಡೆಯ ಮೇಲೆ ಒಂದು ಉದ್ದನೆಯ ಪಟ್ಟಿಯಾಗಿ ಬೀಳುತ್ತದೆ. ಕಾಫಿ ಲೋಟ ಹಿಡಿದು ಎಲ್ಲರೂ ಅದರ ಕೆಳಗೆ ಕೂರುತ್ತೇವೆ. ಬೀಜದ ಚೀಲಗಳನ್ನು ಅಟ್ಟಕ್ಕೆ ಏರಿಸಿದೆವು, ಇನ್ನು ಸುಳ್ಳು ನೆಪ ಬೇಕಿಲ್ಲ. ನಿನ್ನೆ ಅತ್ತೆ ಮಧ್ಯಾಹ್ನ ಕೋಣೆಗೆ ಹೊರಟಾಗ ನಾನು, "ಬೀಜ ನೋಡೋಕಾ ಅತ್ತೆ?" ಅಂದೆ. "ಇಲ್ಲಮ್ಮ, ಸುಮ್ಮನೆ ಇರೋಕೆ" ಅಂದರು. ಇಂಥವರ ಕೈಗೆ ನನ್ನನ್ನು ಒಪ್ಪಿಸಿದ್ದಕ್ಕೆ ಯಾರಿಗೆ ಕೈಮುಗಿಯಲಿ? ಈ ಸಂಬಂಧ ಬಂದಾಗ "ಹಳ್ಳಿ ಮನೆ" ಅಂತ ಮೂಗು ಮುರಿದ ನನಗೆ, "ಒಮ್ಮೆ ಹೋಗಿ ಮನುಷ್ಯರನ್ನು ನೋಡು" ಅಂದವಳು ನೀನೇ. ನಿನಗೇ ಮುಗಿಯುತ್ತೇನೆ.

ಅಮ್ಮ ಅಪ್ಪನಿಗೆ ನಮಸ್ಕಾರ ಹೇಳು. ನಿನಗೆ ಅತ್ತೆಯ, ಅಜ್ಜಿಯ ಆಶೀರ್ವಾದ. ನಿನ್ನ ಹೊಟ್ಟೆ ತಣ್ಣಗಿರಲಿ ಅಂತ ನನ್ನದೂ ಒಂದು. ಚಿಕ್ಕವಳಾದರೂ ಹರಸುವ ಹಕ್ಕು ನನಗಿದೆ ಅಂದುಕೊಂಡಿದ್ದೇನೆ.

ನಿನ್ನದೇ,
ಪುಟ್ಟಿ

ಮರೆತದ್ದು: ಮರೆತಿರಲಿಲ್ಲ ಅಕ್ಕ, ಬರೆಯಲು ಕೈ ಬರುತ್ತಿರಲಿಲ್ಲ. ನೀನು ಗಂಡನ ಮನೆ ಬಿಟ್ಟು ವಾಪಸ್ಸು ಬಂದ ವರ್ಷ, ಬಚ್ಚಲಿನಲ್ಲಿ ನೀನು ನಲ್ಲಿ ಪೂರ್ತಿ ತಿರುಗಿಸಿ ಕೂತಿರುತ್ತಿದ್ದೆ. ಅಮ್ಮ "ನೀರು ದಂಡ" ಅಂತ ಬಾಗಿಲು ಬಡಿಯುತ್ತಿದ್ದರು. ಒಳಗಿನಿಂದ ಚಿಲಕ ಹಾಕಬಹುದಾದ ಬಾಗಿಲು ನಮ್ಮ ಮನೆಯಲ್ಲಿ ಅದೊಂದೇ ಇತ್ತು ಅಂತ ನನಗೆ ಹೊಳೆದದ್ದು ಈಗ. ಅತ್ತೆಗೆ ಹೇಳಿದೆ. ನಿನ್ನನ್ನು ಕೇಳದೆ ಹೇಳಿದ್ದಕ್ಕೆ ಸಿಟ್ಟು ಮಾಡಿಕೊಳ್ಳಬೇಡ. ಅವರು, "ಬರೋಕೆ ಹೇಳು. ಎಷ್ಟು ದಿನಕ್ಕೆ ಅಂತ ಬರೀಬೇಡ" ಅಂದರು. ಬಾ ಅಕ್ಕ. ಮತ್ತೆ ಯಾವಾಗ ಹೋಗ್ತೀಯ ಅಂತ ಇಲ್ಲಿ ಯಾರೂ ನಿನ್ನನ್ನು ಕೇಳುವುದಿಲ್ಲ.