ಕಾಜಾದವಳನ್ನು ಹೊರಗೆ ಹಾಕಿದ ದಿನ

ಮಾರ್ಚ್ ೧೧, ಮಂಗಳವಾರ

ಮೈಯೆಲ್ಲ ಉರಿಯುತ್ತಿದೆ. ಇವತ್ತು ನಮ್ಮ ಬಟ್ಟೆ ಕಾರ್ಖಾನೆಯ ಕಾರ್ಮಿಕರ ಸಂಘ, ಅಂಗಿಯ ಗುಂಡಿಗೆ ಕಾಜಾ ಹೊಲಿಯುವವಳನ್ನು ಸದಸ್ಯತ್ವದಿಂದ ಹೊರಗೆ ಹಾಕಿತು. ಮಾಲೀಕನಿಗೆ ಸಂಘದ ಸುದ್ದಿ ಮುಟ್ಟಿಸುತ್ತಾಳಂತೆ.

"ಕಂಡೋರ್ ಯಾರಪ್ಪಾ?" ಎಂದು ಸಭೆಯಲ್ಲಿ ಎದ್ದು ನಿಂತು ಕೇಳಿದೆ. ಕಟಿಂಗ್ ಮಾಸ್ಟರ್ ಇಸ್ತ್ರಿಯವನತ್ತ ಬೆರಳು ಮಾಡಿದ. ಇಸ್ತ್ರಿಯವನು, "ನಂಗೆ ಡ್ರೈವರಣ್ಣ ಹೇಳಿದ್ದು" ಅಂದ. ಡ್ರೈವರಣ್ಣ ತಲೆ ಕೆರೆದುಕೊಂಡು, "ನಂಗ್ ಹೇಳಿದ್ದು ಮಾಸ್ಟರೇ ಅಲ್ವಾ?" ಅಂದ. ಎಲ್ಲರೂ ಗೊಳ್ಳೆಂದು ನಕ್ಕರು. ನಕ್ಕು ಮುಗಿಸಿ ಅವಳನ್ನು ತೆಗೆಯಲು ಕೈ ಎತ್ತಿದರು! ನನ್ನದೊಂದನ್ನು ಬಿಟ್ಟು ಎಲ್ಲ ಕೈಗಳೂ ಮೇಲೆ. ಸಂಘದ ಬಲವಿಲ್ಲದವಳನ್ನು ಮಾಲೀಕ ಯಾವಾಗ ಬೇಕಾದರೂ ಗೇಟಿನಾಚೆ ತಳ್ಳುತ್ತಾನೆ. ಅದು ಗೊತ್ತಿದ್ದೇ ಎತ್ತಿದರು. ಅವಳು ಬುತ್ತಿ ಚೀಲ ಎತ್ತಿಕೊಂಡು ಎದ್ದು ಹೋದಳು.

ಎತ್ತಿದ ಕೈಗಳಲ್ಲಿ ನನ್ನ ಅಕ್ಕನದೂ ಇತ್ತು. ಮನೆಗೆ ಬಂದವನೇ ಜಗಳ ತೆಗೆದೆ.

"ನೀನೂ ನಂಬ್ತೀಯೇನೇ?"

"ನಂಬೋದು ಬಿಡೋದು ಆಮೇಲೆ ಕಣೋ. ಕೈ ಎತ್ತದೆ ಕೂತಿದ್ರೆ ನಾಳೆ ಯಾರ್ ಜೊತೆ ಕೂತು ಬುತ್ತಿ ಬಿಚ್ಲಿ?"

ಇನ್ನಷ್ಟು ಕೂಗಾಡಿದೆ. ಕೊನೆಗೆ ಅವಳೇ, "ಬೆಂಕಿ ಇಲ್ದೆ ಹೊಗೆ ಆಡುತ್ತಾ?" ಅಂದಳು. ಥೂ! ಸಂಜೆ ಹೆದರಿ ಎತ್ತಿದ ಕೈಗೆ, ಮಲಗುವಷ್ಟರಲ್ಲಿ ನಂಬಿಕೆಯೂ ಹುಟ್ಟಿಬಿಟ್ಟಿದೆ. ನಮ್ಮನ್ನು ಒಡೆಯಲು ಮಾಲೀಕ ಬೇಕಾಗಿಲ್ಲ, ನಾವೇ ಸಾಕು.

ನಾಳೆ ಕಾಜಾದವಳ ಪಕ್ಕದಲ್ಲೇ ನನ್ನ ಬುತ್ತಿ ಬಿಚ್ಚುತ್ತೇನೆ. ಸಂಜೆಯೊಳಗೆ ಎಲ್ಲರ ಬಾಯಲ್ಲಿ ನಾನೂ ಮಾಲೀಕನ ಕಡೆಯವನಾಗಿರುತ್ತೇನೆ. ಅಕ್ಕ ಮಾತ್ರ ಅದನ್ನು ಒಂದೆರಡು ದಿನ ತಡೆದು ನಂಬಿಯಾಳು.