ಕೊನೆಯ ಇಲಿಯ ನಿದ್ದೆ

ಮರಳೂರು, ತುಮಕೂರು
೧೧–೩–೧೯೮೪, ಭಾನುವಾರ

ಪ್ರೀತಿಯ ಅಕ್ಕನಿಗೆ ಉಮಾ ಮಾಡುವ ನಮಸ್ಕಾರಗಳು.

ನಿನ್ನ ಎರಡು ಕಾಗದಗಳೂ ತಲುಪಿದವು. ಉತ್ತರ ಬರೆಯಲು ಇಷ್ಟು ದಿನ ಮಾಡಿದೆ, ಬೈಯಬೇಡ. ಮೈಗೇನೂ ಆಗಿಲ್ಲ, ಚೆನ್ನಾಗಿದ್ದೇನೆ. ಆದರೆ ಮಂಗಳವಾರದಿಂದ ಕಾಲೇಜಿಗೆ ಹೋಗುತ್ತಿಲ್ಲ. ಕಾರಣ ಬೇರೆ ಯಾರಿಂದಲೋ ನಿನ್ನ ಕಿವಿಗೆ ಬೀಳುವ ಮೊದಲು ನಾನೇ ಹೇಳಿಬಿಡುತ್ತೇನೆ.

ಲ್ಯಾಬಿನಲ್ಲಿ ಏನು ಮಾಡ್ತೀಯೆ ಎಂದು ನೀನು ಕೇಳಿದಾಗಲೆಲ್ಲ "ಇಲಿ ಕಾಯ್ತೀನಿ" ಎಂದು ನಗಿಸಿ ಸುಮ್ಮನಾಗುತ್ತಿದ್ದೆ. ನಿದ್ದೆಯಲ್ಲಿ, ಎಚ್ಚರದಲ್ಲಿ ಮೆದುಳಿನ ರಾಸಾಯನಿಕಗಳು ಎಷ್ಟು ಏರುತ್ತವೆ, ಎಷ್ಟು ಇಳಿಯುತ್ತವೆ ಎಂದು ಅಳೆಯುವುದು ನಮ್ಮ ಕೆಲಸ. ಇಲಿ ಹಗಲು ಮಲಗುವ ಪ್ರಾಣಿ. ಅದರ ತಲೆಗೆ ಕೂದಲೆಳೆಯಂಥ ತಂತಿ ಕೂರಿಸಿ ಯಂತ್ರಕ್ಕೆ ಜೋಡಿಸಿದರೆ, ಪೆನ್ನುಗಳು ಕಾಗದದ ಮೇಲೆ ಗೆರೆ ಎಳೆಯುತ್ತವೆ. ಎಚ್ಚರವಿದ್ದರೆ ಒತ್ತೊತ್ತಾದ ಸಣ್ಣ ಗೀರು. ನಿದ್ದೆ ಹತ್ತಿದರೆ ದೊಡ್ಡ ದೊಡ್ಡ ಅಲೆ. ಹಾಗೆ ಹತ್ತು ನಿಮಿಷ ಮಲಗಿದ ಮೇಲೆ, ಎಚ್ಚರವಾಗಲು ಬಿಡದೆ ದ್ರವ ಸಾರಜನಕದಲ್ಲಿ ಮುಳುಗಿಸಬೇಕು. ನೋಡನೋಡುತ್ತ ಹೆಪ್ಪುಗಟ್ಟಿ ಕಲ್ಲಿನಂತಾಗುತ್ತದೆ. ಆಮೇಲೆ ಮೆದುಳನ್ನು ಪುಡಿ ಮಾಡಿ ಅದರಲ್ಲಿರುವ ಲ್ಯಾಕ್ಟಿಕ್ ಆಮ್ಲ, ಮೆದುಳು ದುಡಿದಷ್ಟೂ ಹೆಚ್ಚುವಂಥದ್ದು, ಅಳೆಯುತ್ತೇವೆ. ನಿದ್ದೆಯಲ್ಲಿ ಅದು ಕಡಿಮೆ. ಎಚ್ಚರವಾಯಿತೋ, ಕ್ಷಣಗಳಲ್ಲೇ ಏರತೊಡಗುತ್ತದೆ. ಪಾಪ ಅನ್ನುತ್ತೀಯ. ನನಗೂ ಅನ್ನಿಸುತ್ತಿತ್ತು.

ಆ ಸಾರಜನಕ ಪಶು ಇಲಾಖೆಯವರ ಕ್ಯಾನಿನಲ್ಲಿ ತಿಂಗಳಿಗೊಮ್ಮೆ ಬರುತ್ತಿತ್ತು. ಇಟ್ಟರೆ ಇಟ್ಟಲ್ಲೇ ಆರಿಹೋಗುವಂಥದ್ದು, ಬಂದ ದಿನವೇ ಬಳಸಬೇಕು. ಹೋದ ವರ್ಷ ಅಮ್ಮ ತೀರಿಕೊಂಡ ದಿನವೇ ಕ್ಯಾನು ಬಂದಿತ್ತು. ಕೊನೆಯ ಇಲಿ ಚೆನ್ನಾಗಿ ಮಲಗಿತ್ತು. ಅವಸರದಲ್ಲಿ ನನ್ನ ಕೈ ತಗುಲಿ ಗೂಡಿನ ಬಾಗಿಲು ಠಣ್ ಎಂದಿತು. ಇಲಿ ತಲೆಯೆತ್ತಿ ನನ್ನನ್ನೇ ನೋಡಿತು. ಪೆನ್ನು ಸಣ್ಣಗೆ ಗೀರತೊಡಗಿತು. ಅದು ಮತ್ತೆ ಮಲಗುವವರೆಗೆ ಕಾಯಬೇಕಿತ್ತು. ನಾನು ಬಸ್ಸು ಹಿಡಿಯಬೇಕಿತ್ತು. ಮುಳುಗಿಸಿಬಿಟ್ಟೆ. ಕಾಗದದ ತುದಿಯನ್ನು ಗೇಣುದ್ದ ಹರಿದು ಬುಟ್ಟಿಗೆ ಹಾಕಿ, ರಿಜಿಸ್ಟರಿನಲ್ಲಿ 'ನಿದ್ದೆ' ಎಂದು ಬರೆದು ಓಡಿದೆ. ಕೇಳಿದವರಿಗೆ ಪೆನ್ನಿನಲ್ಲಿ ಇಂಕು ಮುಗಿದಿತ್ತು ಎಂದೆ.

ನಿದ್ದೆಯ ಆರು ಇಲಿಗಳಲ್ಲಿ ಐದರದು ಕಡಿಮೆ ಬಂತು, ಇದೊಂದರದೇ ಹೆಚ್ಚು. ಏನೋ ತಪ್ಪಿದೆ ಎಂದು ಕೈಬಿಡುತ್ತಾರೆ ಅಂದುಕೊಂಡಿದ್ದೆ. ನಮ್ಮ ಪ್ರೊಫೆಸರ್ ಲಕ್ಷ್ಮೀನರಸಿಂಹಯ್ಯನವರು ಬಿಡಲಿಲ್ಲ. "ಇದು ಕನಸು ಕಾಣ್ತಿತ್ತು ಕಣಮ್ಮ! ಮಲಗಿದ್ರೂ ಒಳಗೆ ಮೆದುಳು ದುಡೀತಿತ್ತು. ಇದೇ ಹೊಸ ವಿಷಯ" ಎಂದು ಮಗುವಿನ ಹಾಗೆ ಸಂಭ್ರಮಪಟ್ಟರು. ಹೈದರಾಬಾದಿನ ಸಮ್ಮೇಳನಕ್ಕೆ ಅದನ್ನೇ ಪ್ರಬಂಧ ಮಾಡಿ ಕಳಿಸಿದರು. ಇನ್ನಷ್ಟು ನೋಡೋಣವೆಂದು ನಲವತ್ತು ಇಲಿ ತರಿಸಿದರು. ಮೂರನೇ ತಾರೀಕು ಶನಿವಾರ ಅವು ಬಂದವು, ಬಿಳಿ ಬಿಳಿ ಮರಿಗಳು. ನನ್ನ ಸುಳ್ಳಿಗಾಗಿ ನಲವತ್ತು ಜೀವ ಹೋಗಬೇಕಾ ಅನ್ನಿಸಿ ಭಾನುವಾರವಿಡೀ ಅನ್ನ ಸೇರಲಿಲ್ಲ.

ಸೋಮವಾರ ಅವರ ಕೋಣೆಗೆ ಹೋಗಿ ನಿಂತೆ.

"ಸಾರ್, ಆ ಇಲಿ ಕನಸು ಕಾಣ್ತಿರ್ಲಿಲ್ಲ. ಎದ್ದಿತ್ತು."

ಅವರು ನಕ್ಕರು. "ಯಾರು ಹೇಳಿದ್ದು?"

"ನಾನೇ ನೋಡ್ದೆ. ಕಾಗದ ಹರಿದುಹಾಕ್ದೆ. ಇಂಕು ಮುಗೀತು ಅಂದಿದ್ದು ಸುಳ್ಳು ಸಾರ್."

ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ರಿಜಿಸ್ಟರು ತೆಗೆದು ಆ ದಿನದ ಪುಟ ನೋಡಿದರು. ಬೈದಿದ್ದರೆ ಚೆನ್ನಾಗಿತ್ತು. ಕೊನೆಗೆ, "ನಿಮ್ಮ ತಾಯಿ ಹೋದ ದಿನ ಅಲ್ವಾ? ಒಂದು ಮಾತು ಹೇಳಿದ್ರೆ ನಾನೇ ನಿಂತು ಮುಗಿಸ್ತಿದ್ನಲ್ಲಮ್ಮ" ಅಂದರು. ಕನ್ನಡಕ ಮತ್ತೆ ಹಾಕಿಕೊಂಡರು. "ಸರಿ, ಇದು ಸುಳ್ಳು. ಮಿಕ್ಕ ಐದು ನಿಜ ಅಂತ ನಾನು ಯಾರನ್ನ ಕೇಳ್ಲಿ?"

ಪ್ರಬಂಧ ವಾಪಸು ಪಡೆಯುವ ಪತ್ರವನ್ನು ಅವರು ಹೇಳಿದರು, ನಾನು ಬರೆದೆ. ಸಹಿ ಹಾಕಿ, "ನಾಳೆಯಿಂದ ಬರೋದು ಬೇಡ" ಎಂದರು. ದನಿಯಲ್ಲಿ ಸಿಟ್ಟೇ ಇರಲಿಲ್ಲ.

ಇಲಿ ನೋಡಿಕೊಳ್ಳುವ ಅಟೆಂಡರ್ ಅಡವಿಯಪ್ಪ ಗೇಟಿನವರೆಗೂ ಬಂದ. "ಅವತ್ತು ನಾನೂ ನೋಡಿದ್ದೆ ಅಮ್ಮಾವ್ರೇ. ಅದು ಕಣ್ ಬುಟ್ಟಿತ್ತು."

"ಮತ್ತೆ ಯಾಕೆ ಸುಮ್ಮನಿದ್ದೆ?"

"ನಾನೇಳಿದ್ರೆ ಚಾಡಿ ಆಗ್ತಿತ್ತು. ನೀವೇ ಏಳ್ತೀರ ಅಂತ ವರ್ಸದಿಂದ ಕಾಯ್ತಾ ಇವ್ನಿ." ಆಮೇಲೆ ಮೆಲ್ಲಗೆ, "ಆ ನಲವತ್ತಕ್ಕೂ ಕಾಳು ಹಾಕ್ಲಾ?" ಎಂದ. ಹಾಕು ಎಂದೆ.

ಮುಂದೇನು ಮಾಡುತ್ತೇನೋ ಗೊತ್ತಿಲ್ಲ. ಗುಬ್ಬಿಯ ಒಂದು ಹೈಸ್ಕೂಲಿನಲ್ಲಿ ವಿಜ್ಞಾನದ ಟೀಚರು ಬೇಕಂತೆ, ಅರ್ಜಿ ಹಾಕಿದ್ದೇನೆ. ನೀನು ಗಾಬರಿಯಾಗಬೇಡ. ಭಾವನವರಿಗೆ ನಮಸ್ಕಾರ ತಿಳಿಸು. ಮಹಾಲಕ್ಷ್ಮಿಗೆ ಚಿಕ್ಕಮ್ಮನ ಆಶೀರ್ವಾದ. ಪರೀಕ್ಷೆ ಚೆನ್ನಾಗಿ ಬರೆಯಲಿ, ನೂರು ವರ್ಷ ಬಾಳಲಿ.

ನಿನ್ನ ತಂಗಿ,
ಉಮಾಮಹೇಶ್ವರಿ

ವಿ.ಸೂ.: ಲಕೋಟೆ ಅಂಟಿಸಿದವಳು ಮತ್ತೆ ಬಿಚ್ಚಿ ಬರೆಯುತ್ತಿದ್ದೇನೆ. ಅಕ್ಕ, ಆ ದಿನ ಭಾವ ಕೊಟ್ಟ ಟೆಲಿಗ್ರಾಂ ನನ್ನ ಕೈಗೆ ಎರಡು ಗಂಟೆಗೆ ಸಿಕ್ಕಿತು ಎಂದು ಎಲ್ಲರೆದುರು ಹೇಳಿದೆನಲ್ಲ, ಅದು ಸುಳ್ಳು. ಹತ್ತೂವರೆಗೇ ಬಂದಿತ್ತು. 'ಅಮ್ಮ ಸೀರಿಯಸ್, ಕೂಡಲೇ ಬಾ.' ಓದಿ ಮಡಚಿಟ್ಟು ನಾಲ್ಕು ಇಲಿ ಮುಗಿಸಿದೆ. ಹಿಂದೆ ಎರಡು ಸಲ ಹೀಗೇ ಆಗಿ ಅಮ್ಮ ಎದ್ದು ಕೂತಿದ್ದಳು. ಈ ಸಲವೂ ಏಳುತ್ತಾಳೆ ಅಂದುಕೊಂಡೆ. ಹನ್ನೊಂದರ ಬಸ್ಸು ಹತ್ತಿದ್ದರೆ ಹೆಬ್ಬೂರು ದಾಟಿ, ಒಂದು ಗಂಟೆಯೊಳಗೆ ಕುಣಿಗಲ್ಲಿನಲ್ಲಿ ನಿಮ್ಮ ಮನೆಯಲ್ಲಿರುತ್ತಿದ್ದೆ. ಎರಡು ಗಂಟೆಗೆ ಉಸಿರು ನಿಲ್ಲುವವರೆಗೂ ಅಮ್ಮ "ಉಮಾ ಬಂದ್ಲಾ" ಎಂದು ಕೇಳುತ್ತಲೇ ಇದ್ದಳೆಂದು ನೀನೇ ಹೇಳಿದೆ. ಭಾವ ಬೆಳಿಗ್ಗೆ ಎಂಟಕ್ಕೇ ಪೋಸ್ಟಾಫೀಸಿನ ಬಾಗಿಲಲ್ಲಿ ನಿಂತಿದ್ದೆ ಎಂದು ಆಣೆ ಇಟ್ಟರೂ ನೀನು ನಂಬಲಿಲ್ಲ. ತಡ ಮಾಡಿದ್ದು ಅವರೇ ಎಂದು ವರ್ಷದಿಂದ ಅವರೊಂದಿಗೆ ಮಾತು ಬಿಟ್ಟಿದ್ದೀಯ. ತಟ್ಟೆ ಇಟ್ಟು ಒಳಗೆ ಹೋಗಿಬಿಡುತ್ತೀಯಂತೆ. ಇದೆಲ್ಲ ಗೊತ್ತಿದ್ದೂ ನಾನು ಬಾಯಿ ಬಿಡಲಿಲ್ಲ. ನನ್ನ ಮುಖ ಇನ್ನು ನೋಡುತ್ತೀಯೋ ಇಲ್ಲವೋ, ಅದು ಆಮೇಲಿನ ಮಾತು. ಇವತ್ತು ಅವರನ್ನು ಬಾಯಿತುಂಬ ಊಟಕ್ಕೆ ಕರೆ.