ಬೆಟ್ಟ ಹತ್ತುವ ಮುದುಕನ ಪರವಾಗಿ

ಪಾವಗಡ
14 ಜೂನ್ 2025

ಜೈ ಭೀಮ್.

ಪ್ರೀತಿಯ ಮಗಳು ಸಹನಾಗೆ ನಿನ್ನ ಅಪ್ಪ ಅಶ್ವತ್ಥನ ಆಶೀರ್ವಾದಗಳು. ನಾವೆಲ್ಲ ಇಲ್ಲಿ ಕ್ಷೇಮ ಅಂತ ಬರೆಯುವುದು ವಾಡಿಕೆ, ಬರೆದಿದ್ದೇನೆ. ದಾವಣಗೆರೆಯಲ್ಲಿ ನೀನು ಹೊತ್ತಿಗೆ ಸರಿಯಾಗಿ ಉಣ್ಣುತ್ತಿದ್ದೀಯ ಅಂತ ನಂಬಿಕೊಂಡಿದ್ದೇನೆ.

ಈ ಕಾಗದವನ್ನು ಯುಗಾದಿಯ ವಾರದಲ್ಲೇ ಬರೆಯಬೇಕಿತ್ತು. ಕುಳಿತಾಗಲೆಲ್ಲ ಮೊದಲ ಸಾಲಿಗೇ ಕೋಪ ಬಂದು ಹರಿದು ಹಾಕುತ್ತಿದ್ದೆ. ಆಮೇಲೆ ಕೋಪ ಹೋಯಿತು, ಸೋಮಾರಿತನ ಬಂತು. ಫೋನಿನಲ್ಲೇ ಹೇಳಿಬಿಡೋಣ ಅಂದರೆ ನೀನು ಅಮ್ಮನ ಹತ್ತಿರ ಮಾತಾಡಿ ಇಟ್ಟುಬಿಡುತ್ತೀಯ. "ನಿಮ್ಮಪ್ಪ ಇಲ್ಲೇ ಅವ್ರೆ, ಕೊಡ್ಲಾ?" ಅಂತ ಅವಳು ಕೇಳುವುದೂ "ಬ್ಯಾಡ ಬುಡಮ್ಮ, ಕೆಲ್ಸ ಐತೆ" ಅಂತ ನೀನು ಅನ್ನುವುದೂ ಮಂಚದ ಮೇಲೆ ಕುಳಿತ ನನಗೆ ಚೆನ್ನಾಗಿ ಕೇಳಿಸುತ್ತದೆ. ನಿನ್ನಮ್ಮನ ಫೋನಿನ ಸ್ಪೀಕರ್ ಬಲು ಜೋರು ಮಗಳೇ.

ಮೊದಲು ಮನೆ ಸುದ್ದಿ. ನಿನ್ನ ಅಜ್ಜಿ ಪಾಪಕ್ಕನ ಕಣ್ಣಿನ ಪೊರೆ ತೆಗೆಸಿದೆವು. ಕಣ್ಣು ಕಾಣಿಸಿದ್ದೇ ತಡ, ಅಜ್ಜಿಗೆ ಮನೆಯ ಮೂಲೆಮೂಲೆಯ ಜೇಡರಬಲೆ ಕಾಣಿಸಿ, ನಿನ್ನಮ್ಮನಿಗೂ ಅವಳಿಗೂ ದಿನಾ ಜುಗಲ್‌ಬಂದಿ. "ಇಷ್ಟ್ ದಿನ ಈ ಕಸದಾಗೇ ಇಟ್ಟಿದ್ದೇನೇ ನನ್ನಾ?" ಅನ್ನುತ್ತಾಳೆ. ವಳ್ಳೂರಿನ ನಿನ್ನ ಸೋದರಮಾವ ಸೋಲಾರ್ ಪಾರ್ಕಿನಲ್ಲಿ ವಾಚ್‌ಮನ್ ಕೆಲಸಕ್ಕೆ ಸೇರಿದ್ದಾನೆ. ಅಷ್ಟು ದೊಡ್ಡ ಕರೆಂಟಿನ ಕಾವಲು ಕಾಯುವವನ ಮನೆಯಲ್ಲಿ ಸಂಜೆ ಹೊತ್ತು ಲೈಟಿರುವುದಿಲ್ಲ ಅಂತ ಅವನ ಹೆಂಡತಿ ಹೋದಲ್ಲೆಲ್ಲ ಹೇಳಿಕೊಂಡು ನಗುತ್ತಾಳೆ.

ಈಗ ವಿಷಯಕ್ಕೆ ಬರುತ್ತೇನೆ. ಸಂಕ್ರಾಂತಿಗೆ ಬಂದಾಗ ನಾನು ಟೀವಿಗೆ ಹಳೆಯ ಗೇಮಿನ ಪೆಟ್ಟಿಗೆ ಸಿಕ್ಕಿಸಿ ಬೆಟ್ಟ ಹತ್ತುವ ಮುದುಕನ ಆಟ ಆಡುತ್ತಿದ್ದದ್ದನ್ನು ನೀನು ಫೋನಿನಲ್ಲಿ ಹಿಡಿದುಕೊಂಡೆ. ನನಗೂ ಖುಷಿಯಾಯಿತು. ದಿನವೆಲ್ಲ ಸ್ಟುಡಿಯೋದಲ್ಲಿ ಅವರಿವರ ಮದುವೆ ವಿಡಿಯೋ ಕತ್ತರಿಸಿ ಜೋಡಿಸುವ ಮಗಳು ಅಪ್ಪನದೂ ಒಂದು ಇಟ್ಟುಕೊಳ್ಳುತ್ತಾಳೆ ಅಂದುಕೊಂಡೆ. ಅದು ನಿನ್ನ ಚಾನೆಲ್ಲಿಗೆ ಹೋಗಿದೆ, ಅದೂ 'ಪ್ರಪಂಚದ ದರಿದ್ರ ಗೇಮ್‌ಗಳು' ಅನ್ನುವ ಹೆಸರಿನಲ್ಲಿ ಹೋಗಿದೆ ಅಂತ ಗೊತ್ತಾದದ್ದು ಯುಗಾದಿಯ ದಿನ, ಮಧುಗಿರಿ ಬಸ್ ಸ್ಟ್ಯಾಂಡಿನಲ್ಲಿ. ನಮ್ಮ ಡ್ರೈವರ್ ರಂಗಸ್ವಾಮಿ ಫೋನು ಹಿಡಿದುಕೊಂಡು ಓಡಿಬಂದ. "ಏನ್ ಕಂಡಕ್ಟ್ರೇ, ನಿಮ್ ಮುದುಕ ಫೇಮಸ್ಸಾಗ್ಬುಟ್ಟವ್ನೆ!" ಅಂದ. ನನ್ನ ಮುಖ ಅದರಲ್ಲಿರಲಿಲ್ಲ. ಟೀವಿ ಇತ್ತು, ಗೇಮಿನ ರಿಮೋಟ್ ಹಿಡಿದ ನನ್ನ ಎರಡು ಕೈ ಇತ್ತು, ಹಿಂದಿನಿಂದ ನಿನ್ನ ದನಿ. "ನೋಡ್ರಪ್ಪಾ, ಇವತ್ತು ಬಟನ್ ಒತ್ತಿದ್ರೆ ಈ ಮುದುಕ ನಾಳೆ ಎಗರ್ತಾನೆ!" ಅಂತ ನೀನು ಹೇಳಿ ನಕ್ಕೆ. ಬಸ್ಸಿಗೆ ಕಾಯುತ್ತಿದ್ದವರೂ ಬಗ್ಗಿ ನೋಡಿ ನಕ್ಕರು.

ಮಾರನೆಯ ದಿನ ವರ್ಷತೊಡಕು, ನೀನೂ ಹಬ್ಬಕ್ಕೆ ಬಂದಿದ್ದೆ. ನಾನು ಆಡಬಾರದ ಮಾತು ಆಡಿದೆ, ನೀನೂ ಆಡಿದೆ. ಬಾಡೂಟ ಎಲೆಗೆ ಬೀಳುವ ಹೊತ್ತಿಗೆ ನೀನು ಬ್ಯಾಗು ಎತ್ತಿಕೊಂಡು ಹೊರಟುಹೋದೆ. ನಿನ್ನಮ್ಮನಿಗೆ ಸಿಟ್ಟು ನೆತ್ತಿಗೇರಿದರೆ ತವರಿನ ತೆಲುಗು ಬರುತ್ತದಲ್ಲ, "ಆ ಮುಸಲೋಡಿ ಕೋಸಂ ಬಿಡ್ಡನಿ ಏಡಿಪಿಸ್ತಾವಾ?" ಅಂತ ಸೌಟು ಎಸೆದಳು. ಟೀವಿಯೊಳಗಿನ ಮುದುಕನಿಗೋಸ್ಕರ ಹೆತ್ತ ಮಗಳನ್ನು ಅಳಿಸಿದೆ ಅನ್ನುವುದು ಇವತ್ತಿಗೂ ಅವಳ ದೂರು. ಸರಿಯಾದ ದೂರೇ. ನಿನ್ನ ಮೇಲೆ ಕೂಗಾಡಿದ್ದಕ್ಕೆ ನನಗೆ ನಾಚಿಕೆಯಾಗಿದೆ.

ಆದರೆ ಮುದುಕನನ್ನು ಬಿಟ್ಟುಕೊಡಲು ಆಗುವುದಿಲ್ಲ. ಯಾಕೆ ಅಂತ ಅವತ್ತು ಹೇಳಲು ನೀನು ಬಿಡಲಿಲ್ಲ, ಈಗ ಕೇಳು.

ನಾನು ಮಧುಗಿರಿಯ ಹಾಸ್ಟೆಲಿನಲ್ಲಿದ್ದು ಪಿಯುಸಿ ಓದುತ್ತಿದ್ದಾಗ ಬಸ್ ಸ್ಟ್ಯಾಂಡಿನ ಹಿಂದೆ ಮಹಾಲಿಂಗಯ್ಯನವರ ವಿಡಿಯೋ ಗೇಮಿನ ಅಂಗಡಿ ಇತ್ತು. ಪೇಟೆ ಹುಡುಗರು ಗಂಟೆ ಲೆಕ್ಕದಲ್ಲಿ ಕೂತು ಆಡುತ್ತಿದ್ದರು. ನಾನು ಬಾಗಿಲಲ್ಲಿ ನಿಂತು ನೋಡುತ್ತಿದ್ದೆ. ಒಳಗೆ ಬಾ ಅಂತ ಯಾರೂ ಅನ್ನುತ್ತಿರಲಿಲ್ಲ, ನಾನೂ ಹೋಗುತ್ತಿರಲಿಲ್ಲ. ಆ ಅಂಗಡಿಯಲ್ಲಿ ಒಂದು ಕ್ಯಾಸೆಟ್ಟಿತ್ತು. ಮೇಲಿನ ಅಕ್ಷರ ಚೀನಾದ್ದೋ ಜಪಾನಿನದ್ದೋ, ಯಾರಿಗೂ ಓದಲು ಬರದು. ಅದರೊಳಗೆ ಬೆನ್ನ ಮೇಲೆ ಮೂಟೆ ಹೊತ್ತ ಒಬ್ಬ ಮುದುಕ. ಬಂಡೆಯಿಂದ ಬಂಡೆಗೆ ಎಗರುತ್ತಾ ಬೆಟ್ಟ ಹತ್ತಬೇಕು, ಅಷ್ಟೇ ಆಟ. ಬಂದೂಕಿಲ್ಲ, ಹೊಡೆದಾಟವಿಲ್ಲ, ಮ್ಯೂಸಿಕ್ಕೂ ಇಲ್ಲ. ಕಾಲು ಜಾರಿದರೆ ಬೆಟ್ಟದ ಬುಡಕ್ಕೆ. ಮುಕ್ಕಾಲು ಬೆಟ್ಟ ಹತ್ತಿದ್ದರೂ ಬುಡಕ್ಕೇ. ಹುಡುಗರು ಅದನ್ನು ಹಾಕಿದರೆ ಕಿರುಚಾಡುತ್ತಿದ್ದರು. ಅದನ್ನು ಚರಂಡಿಗೆ ಎಸೆಯಬೇಕು ಅಂತ ಅವರೊಳಗೆ ಒಮ್ಮತವಿತ್ತು.

ಒಂದು ಮಧ್ಯಾಹ್ನ ಅಂಗಡಿ ಖಾಲಿಯಿತ್ತು. ಮಹಾಲಿಂಗಯ್ಯನವರು ನನ್ನ ಕಡೆ ನೋಡಿ, "ದಿನಾ ಬಾಗ್ಲು ಕಾಯ್ತೀಯಲ್ಲ, ಬಾರ್ಲಾ ಇಲ್ಲಿ. ಆ ಮುದುಕನ್ನ ಯಾರೂ ಮುಟ್ಟಾಕಿಲ್ಲ, ನೀನೇ ಆಡ್ಕ. ದುಡ್ಡು ಗಿಡ್ಡು ಬ್ಯಾಡ" ಅಂದರು. ಚಪ್ಪಲಿ ಬಿಟ್ಟು ಒಳಗೆ ಹೋದೆ. ಕ್ಯಾಸೆಟ್ಟನ್ನು ಬಾಯಿಂದ ಊದಿ ಹಾಕುವುದನ್ನು ಅವರೇ ಕಲಿಸಿದರು.

ಬೇರೆ ಆಟಗಳು ಮೂರು ಲೈಫ್ ಕೊಟ್ಟು, ಮುಗಿಯಿತು, ಎದ್ದು ಹೋಗು ಅನ್ನುತ್ತವೆ. ಈ ಮುದುಕ ಸಾಯುವುದಿಲ್ಲ ಸಹನಾ. ಬೀಳುತ್ತಾನೆ, ಮಣ್ಣು ಒದರಿಕೊಳ್ಳುತ್ತಾನೆ, ಏಳುತ್ತಾನೆ. ಕರೆಂಟು ಹೋಗುವವರೆಗೆ ಆಡುತ್ತಲೇ ಇರಬಹುದು. ಎಲ್ಲ ಕಡೆಯೂ ಎದ್ದು ಹೋಗು ಅನ್ನಿಸಿಕೊಂಡವನಿಗೆ ಅದು ಎಂಥ ಸುಖ ಅನ್ನುವುದನ್ನು ನಿನಗೆ ಹೇಗೆ ತಿಳಿಸಲಿ? ಅಂಗಡಿ ಮುಚ್ಚುವಾಗ ಮಹಾಲಿಂಗಯ್ಯನವರು ಎಲ್ಲ ಕ್ಯಾಸೆಟ್ಟುಗಳನ್ನೂ ಮಾರಿ, ಇದೊಂದನ್ನು ಕೊಳ್ಳುವವರಿಲ್ಲದೆ ನನ್ನ ಕೈಗಿಟ್ಟರು. ನಿನ್ನಮ್ಮನನ್ನು ಮದುವೆಯಾಗಿ ಕರೆತಂದಾಗ ನನ್ನ ಟ್ರಂಕಿನಲ್ಲಿ ಬಟ್ಟೆಯ ಜೊತೆ ಇದ್ದದ್ದು ಅದೇ. ಅವಳು ಈಗಲೂ ಆಡಿಕೊಳ್ಳುತ್ತಾಳೆ.

ನಿನ್ನ ವಿಡಿಯೋದ ಕೆಳಗೆ ಜನ ಬರೆದದ್ದನ್ನೆಲ್ಲ ಓದಿದೆ. ಈ ಗೇಮ್ ಮಾಡಿದವನನ್ನು ಇದೇ ಬೆಟ್ಟದಿಂದ ತಳ್ಳಬೇಕು ಅಂತ ಒಬ್ಬ ಬರೆದಿದ್ದಾನೆ. ನಾನು ಬಿಡಲಿಲ್ಲ, ಸಿಕ್ಕಸಿಕ್ಕವರಿಗೆಲ್ಲ ಉತ್ತರ ಕೊಟ್ಟೆ. "ಅಂಕಲ್, ಈ ಗೇಮ್ ಮಾಡಿದ್ದು ನೀವೇನಾ?" ಅಂತ ಒಬ್ಬ ಕೇಳಿದ, ಅದಕ್ಕೆ ನೂರಾರು ಜನ ಹಲ್ಲು ಕಿರಿದರು. ಹಿಂದೂಪುರದವನೊಬ್ಬ ಮಾತ್ರ "ಅನ್ನಾ, ಮುಸಲೋಡು ಮಂಚೋಡು" ಅಂತ ಬರೆದ. ಮುದುಕ ಒಳ್ಳೆಯವನು ಅನ್ನುವವನು ಇನ್ನೊಬ್ಬನಿದ್ದಾನೆ ಅಂತ ತಿಳಿದು ಆವತ್ತು ಎರಡು ಮುದ್ದೆ ಉಂಡೆ.

ನಿಧಾನದ ಆಟ, ಬೇಸರದ ಆಟ ಅಂದರೆ ಅನ್ನಲಿ, ಅದು ಅವರವರ ರುಚಿ. ಆದರೆ ಬಟನ್ ಒತ್ತಿದರೂ ಎಗರುವುದಿಲ್ಲ, ತಡಮಾಡುತ್ತಾನೆ ಅನ್ನುವ ಮಾತಿದೆಯಲ್ಲ, ಅದನ್ನು ಮಹಾಲಿಂಗಯ್ಯನವರ ಅಂಗಡಿಯ ಹುಡುಗರೂ ಆಡಿರಲಿಲ್ಲ. ಅದು ನಿನ್ನ ವಿಡಿಯೋದಿಂದ ಹುಟ್ಟಿದ ಸುಳ್ಳು. ಈಗ ನೋಡದವರೂ ಅದನ್ನೇ ಹೇಳುತ್ತಿದ್ದಾರೆ.

ಕೊರಟಗೆರೆಯ ಭೀಮರಾಜು ಅನ್ನುವ ಟೈಲರ್ ಹುಡುಗ ಅಲ್ಲೇ ಬರೆದಿದ್ದ: "ಅಣ್ಣ, ಇದೇ ಕ್ಯಾಸೆಟ್ ನನ್ನತ್ರಾನೂ ಐತೆ, ಮುದುಕ ಇಂಗೆ ಮಾಡಾಕಿಲ್ಲ. ನಿಮ್ ಪೆಟ್ಟಿಗೇನೇ ಕೆಟ್ಟಿರ್ಬೇಕು, ತಗಂಬನ್ನಿ ನೋಡಾನ." ರಜೆಯ ದಿನ ಪೆಟ್ಟಿಗೆ, ರಿಮೋಟ್, ಕ್ಯಾಸೆಟ್ ಎಲ್ಲವನ್ನೂ ಚೀಲಕ್ಕೆ ತುಂಬಿಕೊಂಡು ಹೊರಟೆ. ನಿನ್ನಮ್ಮನೂ ಜೊತೆಗೆ ಬಂದಳು. ಗಂಡನಿಗೆ ತಲೆ ಕೆಟ್ಟಿದೆಯೋ ಇಲ್ಲವೋ ಖಾತ್ರಿ ಮಾಡಿಕೊಳ್ಳುವುದಕ್ಕೆ ಅಂತ ಬಸ್ಸಿನಲ್ಲಿ ಎಲ್ಲರಿಗೂ ಹೇಳಿದಳು.

ಒಳ್ಳೆಯ ಹುಡುಗ. ಮನೆಯ ಮುಂದಿನ ಕೋಣೆಯಲ್ಲೇ ಹೊಲಿಗೆ ಮೆಷಿನ್ನು, ಅದರ ಪಕ್ಕ ಹಳೇ ಡಬ್ಬಾ ಟೀವಿ. ನನ್ನದೇ ಪೆಟ್ಟಿಗೆ ಸಿಕ್ಕಿಸಿ, ನನ್ನದೇ ಕ್ಯಾಸೆಟ್ಟನ್ನು ಊದಿ ಹಾಕಿ, ನನ್ನದೇ ರಿಮೋಟ್ ಹಿಡಿದು ಆಡಿದ. ಒತ್ತಿದರೆ ಎಗರಿದ, ಒತ್ತಿದರೆ ಎಗರಿದ. ಒಂದು ಬಂಡೆಯಲ್ಲೂ ಮುದುಕ ತಡಮಾಡಲಿಲ್ಲ. "ನೋಡಣ್ಣ, ಏನೂ ಆಗಿಲ್ಲ, ಎಲ್ಲಾ ಸರ್ಯಾಗೈತೆ" ಅಂದ ಭೀಮರಾಜು. ನಿನ್ನಮ್ಮ ಕೂಡ, "ಅಯ್ಯೋ, ಮುದುಕಪ್ಪ ಎಷ್ಟ್ ಚುರ್ಕವ್ನೆ!" ಅಂದಳು.

ಹಾಗಾಗಿ ನಾನು ಕೇಳಿಕೊಳ್ಳುವುದು ಇಷ್ಟೇ. ಆ ವಿಡಿಯೋ ತೆಗೆಯಬೇಡ, ನನ್ನ ಹತ್ತಿರ ಕ್ಷಮೆಯನ್ನೂ ಕೇಳಬೇಡ. ನಿನ್ನ ಚಾನೆಲ್ಲಿನಲ್ಲಿ ಒಂದೇ ಒಂದು ಮಾತು ಹೇಳು: ಅವತ್ತು ನಾವು ಹೇಳಿದ್ದು ತಪ್ಪು, ಒತ್ತಿದರೆ ಮುದುಕ ಎಗರುತ್ತಾನೆ ಅಂತ. ಬೇಕಾದರೆ ದರಿದ್ರ ಗೇಮ್ ಅಂತಲೇ ಕರೆ, ನಾನು ತಕರಾರು ಮಾಡುವುದಿಲ್ಲ. ಮಾಡದ ತಪ್ಪನ್ನು ಅವನ ತಲೆಗೆ ಕಟ್ಟಿ ಬಿಡಬಾರದು. ಅವನ ಪರವಾಗಿ ಮಾತಾಡುವವರು ನಾವು ಮೂರು ಮತ್ತೊಂದು ಜನ, ನಮ್ಮ ಮಾತನ್ನು ಯಾರು ಕೇಳುತ್ತಾರೆ? ನೀನು ಹೇಳಿದರೆ ಕೇಳುತ್ತಾರೆ.

ಅಪ್ಪನ ಮೇಲಿನ ಮುನಿಸನ್ನು ಇನ್ನು ಸಾಕು ಮಾಡು. ಮುಂದಿನ ಸಲ ಫೋನ್ ಮಾಡಿದಾಗ ಅಮ್ಮ "ಕೊಡ್ಲಾ?" ಅಂತ ಕೇಳಿದರೆ "ಕೊಡು" ಅನ್ನು. ಕೆಲಸದಲ್ಲಿ ಒಳ್ಳೆಯ ಹೆಸರು ತಗೋ, ಕಣ್ಣಿಗೆ ವಿರಾಮ ಕೊಡು, ಯಾರ ಮುಂದೆಯೂ ತಲೆ ತಗ್ಗಿಸದೆ ಬಾಳು. ಬಾಬಾಸಾಹೇಬರ ಬೆಳಕು ನಿನ್ನ ದಾರಿಯಲ್ಲಿರಲಿ.

ಇಂತಿ ನಿನ್ನ ಅಪ್ಪ,
ಅಶ್ವತ್ಥ

ತಾ.ಕ.: ಕವರು ಅಂಟಿಸುವ ಮುಂಚೆ ನಿನ್ನಮ್ಮ ಓದಿದಳು. "ಇಷ್ಟೆಲ್ಲ ಬರ್ದು ಅದೊಂದ್ನೇ ಬಿಟ್ಬುಟ್ಟಿದೀಯಲ್ಲ" ಅಂತ ಕಣ್ಣೀರು ಹಾಕಿದಳು. ಅವಳು ಹೇಳುವುದೂ ನಿಜ. ಆಟ ಸರಿಯಿದ್ದ ಮೇಲೆ ವಿಡಿಯೋದಲ್ಲಿ ಮುದುಕ ಯಾಕೆ ತಡಮಾಡಿದ ಅಂತ ನೀನು ಕೇಳಿಯೇ ಕೇಳುತ್ತೀಯ.

ಅವತ್ತು ತಾನು ಆಡಿದ ಮೇಲೆ ಭೀಮರಾಜು ರಿಮೋಟನ್ನು ನನ್ನ ಕೈಗೆ ಕೊಟ್ಟ. ಮೊದಲ ಬಂಡೆಯಲ್ಲೇ ಬಿದ್ದೆ. ಮತ್ತೆ ಆಡಿದೆ, ಮತ್ತೆ ಬಿದ್ದೆ. ಟೀವಿ ನೋಡುತ್ತಿದ್ದ ಹುಡುಗ ನನ್ನ ಬೆರಳು ನೋಡತೊಡಗಿದ. "ಅಣ್ಣ, ಮುದುಕಂದಲ್ಲ ಕಣಣ್ಣ, ನೀನು ಒತ್ತೋದೇ ತಡ ಆಗ್ತೈತೆ" ಅಂತ ಮೆಲ್ಲಗೆ ಅಂದ. ಒತ್ತಿದೆ ಅಂತ ನನಗೆ ಅನ್ನಿಸಿದಾಗ ಬೆರಳು ಇನ್ನೂ ಹೊರಟಿರುವುದೇ ಇಲ್ಲ ಮಗಳೇ. ಬಸ್ಸಿನಲ್ಲೂ ಟಿಕೆಟ್ ಮೆಷಿನ್ನಿನ ಮೇಲೆ ತಪ್ಪು ಹೊರಿಸಿ ಡಿಪೋದಲ್ಲಿ ಜಗಳವಾಡಿದ್ದೆ, ಅದೂ ಸರಿಯಾಗಿಯೇ ಇತ್ತು. ತುಮಕೂರಿನಲ್ಲಿ ನರದ ಡಾಕ್ಟರು ಬೆರಳು ತಟ್ಟಿಸಿ, ನಡೆಸಿ ನೋಡಿ, ಪಾರ್ಕಿನ್ಸನ್ ಅಂದರು. ಮಾತ್ರೆಗೆ ಸ್ವಲ್ಪ ಹಿಡಿತಕ್ಕೆ ಬರುತ್ತದಂತೆ, ವಾಸಿಯಾಗುವುದಿಲ್ಲವಂತೆ. ಈ ಕಾಗದದಲ್ಲಿ ಕೆಳಗೆ ಬರುತ್ತಾ ನನ್ನ ಅಕ್ಷರ ಸಣ್ಣದಾಗಿರುವುದೂ ಅದರಿಂದಲೇ.

ನಕ್ಕೆನಲ್ಲಾ ಅಂತ ನೊಂದುಕೊಳ್ಳಬೇಡ. ನಿನಗೆ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ. ಆ ವಿಡಿಯೋದಲ್ಲಿ "ನಾನ್ ಒತ್ತಿದೀನಿ ಕಣಮ್ಮ, ಅವ್ನೇ ಎಗರ್ತಿಲ್ಲ" ಅನ್ನುವ ದನಿ ಇದೆಯಲ್ಲ, ಅದು ನನ್ನದೇ. ಎಲ್ಲರೂ ಬೈದಾಗ ಅವನ ಪರ ನಿಂತವನು ನಾನು, ನಾನೇ ಹಾಗೆ ಅಂದುಬಿಟ್ಟೆ. ಅದಕ್ಕೇ ನಿನ್ನನ್ನು ಇಷ್ಟು ಕಾಡುತ್ತಿರುವುದು. ನನ್ನ ಕಾಯಿಲೆಯ ವಿಷಯ ಚಾನೆಲ್ಲಿನಲ್ಲಿ ಎತ್ತಬೇಡ, ಮುದುಕನದು ತಪ್ಪಿಲ್ಲ ಅಂತಷ್ಟೇ ಹೇಳು.

ಒಂದು ಸಲ ಬಂದು ಹೋಗು. ನೀನು ಯಾವತ್ತೂ ಆ ರಿಮೋಟ್ ಹಿಡಿದವಳಲ್ಲ. ನೀನು ಆಡು, ನಾನು ಪಕ್ಕದಲ್ಲಿ ಕೂತಿರುತ್ತೇನೆ. ಒತ್ತಿದ ತಕ್ಷಣ ಅವನು ಎಗರುವುದನ್ನು ನಮ್ಮ ಮನೆಯ ಟೀವಿಯಲ್ಲಿ ನಾನು ಇನ್ನೊಮ್ಮೆ ನೋಡಬೇಕು.